ಅಲನ್ ಹ್ಯೂಮನ ಪಕ್ಷಿಶಾಸ್ತ್ರ: ಒಂದು ಗುಣದೋಷ ವಿಚಾರ

ಒಬ್ಬ ಮನುಷ್ಯನು ಎರಡು ಕಾರ್ಯಗಳಲ್ಲಿ ಹೆಸರು ಪಡೆದರೆ ಲೋಕವು ಅವುಗಳಲ್ಲಿ ಒಂದನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಂಡು ಮತ್ತೊಂದನ್ನು ಮರೆಯುವುದು ಸಾಮಾನ್ಯ. ಅಲನ್ ಆಕ್ಟೇವಿಯನ್ ಹ್ಯೂಮನ ವಿಷಯದಲ್ಲಿ ಆದುದು ಇದೇ. ೧೮೮೫ನೆಯ ಡಿಸೆಂಬರಿನಲ್ಲಿ ಬೊಂಬಾಯಿಯಲ್ಲಿ ಸೇರಿದ ಮೊದಲನೆಯ ಕಾಂಗ್ರೆಸ್ಸಿನ ಪ್ರವರ್ತಕನೆಂದು ಅವನ ಹೆಸರು ಬಾಲಕರ ಪಾಠಪುಸ್ತಕಗಳವರೆಗೂ ಬಂದಿದೆ. ಆದರೆ ಅದೇ ವರ್ಷದಲ್ಲಿ ಅವನು ಸಿಮ್ಲಾದ ತನ್ನ ಮನೆಯಿಂದ ಎಂಬತ್ತು ಸಾವಿರಕ್ಕೆ ಮಿಕ್ಕ ಹಕ್ಕಿಗಳ ಮತ್ತು ಮೊಟ್ಟೆಗಳ ಸಂಗ್ರಹವನ್ನು ಲಂಡನ್ನಿಗೆ ಒಪ್ಪಿಸಿದನೆಂಬುದನ್ನೂ, ಅದಕ್ಕೆ ಮೊದಲು ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಭಾರತದ ಪಕ್ಷಿಶಾಸ್ತ್ರಕ್ಕೆ ಅವನೇ ಕೇಂದ್ರಪುರುಷನಾಗಿದ್ದನೆಂಬುದನ್ನೂ ಬಲ್ಲವರು ವಿರಳ. ಆ ಕಾಲದ ಶಾಸ್ತ್ರಜ್ಞರು ಅವನನ್ನು ಅರ್ಧ ಗೌರವದಿಂದಲೂ ಅರ್ಧ ಪರಿಹಾಸದಿಂದಲೂ ಭಾರತೀಯ ಪಕ್ಷಿಶಾಸ್ತ್ರದ ಪೋಪನೆಂದು ಕರೆಯುತ್ತಿದ್ದರು.

ಇಂಥವನ ಕೃತಿಗಳನ್ನು ವಿಮರ್ಶಿಸಲು ಹೊರಟವನಿಗೆ ಮೊದಲ ಹೆಜ್ಜೆಯಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಯಾವ ಮಹಾಗ್ರಂಥಕ್ಕಾಗಿ ಹ್ಯೂಮನು ತನ್ನ ಆಯುಸ್ಸಿನ ಉತ್ತಮ ಭಾಗವನ್ನು ವ್ಯಯಮಾಡಿದನೋ ಆ ಗ್ರಂಥವು ಇಲ್ಲ. ಅದರ ಹಸ್ತಪ್ರತಿಯು ಅಚ್ಚಿನ ಮನೆಗೆ ಹೋಗುವ ಬದಲು ಬಜಾರಿನ ಅಂಗಡಿಗೆ ಹೋಯಿತು. ಉಳಿದಿರುವುದು ಅವನೇ ಚೂರುಪಾರು ಎಂದು ಕರೆದ ಬರಹಗಳು. ಗೋಪುರವಿಲ್ಲದೆ ಅದರ ಇಟ್ಟಿಗೆಗಳು ಮಾತ್ರ ಸಿಕ್ಕಿದಾಗ ಶಿಲ್ಪಿಯ ಯೋಗ್ಯತೆಯನ್ನು ಹೇಗೆ ನಿರ್ಣಯಿಸಬೇಕು? ಹ್ಯೂಮನನ್ನು ಹೊಗಳಿದವರು ಬಹುಮಟ್ಟಿಗೆ ನಷ್ಟವಾದುದನ್ನು ನೆನೆದು ಮರುಗಿದ್ದಾರೆ. ಉಳಿದುದನ್ನು ನಿಜವಾಗಿ ತೂಗಿ ನೋಡಿದರೆ ನಿರ್ಣಯವು ಬೇರೆಯಾಗುತ್ತದೆ.

ಮೊದಲು ಅವನ ಜೀವಿತದ ಸಂಗತಿಗಳು. ಹ್ಯೂಮನು ೧೮೨೯ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದನು. ಅವನ ತಂದೆಯಾದ ಜೋಸೆಫ್ ಹ್ಯೂಮನು ಸ್ಕಾಟ್ಲೆಂಡಿನವನು. ಪಾರ್ಲಿಮೆಂಟಿನ ಸದಸ್ಯನಾಗಿ ಸರಕಾರದ ದುಂದುವೆಚ್ಚವನ್ನು ನಿರ್ದಾಕ್ಷಿಣ್ಯವಾಗಿ ಖಂಡಿಸುತ್ತಿದ್ದ ಸುಧಾರಕ ಪಕ್ಷದವನು. ಮಗನು ಹೇಲಿಬರಿಯ ಕಂಪೆನಿ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ವೈದ್ಯವನ್ನೂ ಶಸ್ತ್ರಚಿಕಿತ್ಸೆಯನ್ನೂ ಕೆಲವು ಕಾಲ ಅಭ್ಯಾಸಮಾಡಿ, ೧೮೪೯ರಲ್ಲಿ ಬಂಗಾಳ ಸಿವಿಲ್ ಸರ್ವೀಸಿಗೆ ಸೇರಿ ಭಾರತಕ್ಕೆ ಬಂದನು. ತಂದೆಯ ನಿಷ್ಠುರವಾಕ್ಕೂ ಶಸ್ತ್ರವೈದ್ಯನ ಕೈಚಳಕವೂ ಮುಂದೆ ಅವನ ಶಾಸ್ತ್ರಕಾರ್ಯದಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತವೆ.

ಅವನು ಮೊದಲು ಹೆಸರು ಪಡೆದುದು ಗಂಗಾ ಯಮುನೆಗಳ ನಡುವಿನ ಇಟಾವಾ ಜಿಲ್ಲೆಯಲ್ಲಿ. ಅಲ್ಲಿ ಅವನು ಊರೂರಿನಲ್ಲಿ ಉಚಿತ ಪ್ರಾಥಮಿಕ ಶಾಲೆಗಳನ್ನು ತೆರೆಯಿಸಿದನು. ೧೮೫೭ರ ಹೊತ್ತಿಗೆ ೧೮೧ ಶಾಲೆಗಳಲ್ಲಿ ೫,೧೮೬ ವಿದ್ಯಾರ್ಥಿಗಳು ಓದುತ್ತಿದ್ದರು. ಅವರಲ್ಲಿ ಹುಡುಗಿಯರು ಇಬ್ಬರೇ ಎಂಬುದನ್ನೂ ಮರೆಮಾಚದೆ ಲೆಕ್ಕ ಕೊಟ್ಟಿದ್ದಾನೆ. ಆ ವರ್ಷದ ದಂಗೆಯಲ್ಲಿ ಅವನು ಅದುವರೆಗೆ ಕೂಡಿಹಾಕಿದ್ದ ಹಕ್ಕಿಗಳ ಸಂಗ್ರಹವು ಹಾಳಾಯಿತು. ೧೮೫೯ರಲ್ಲಿ ಕುವರ ಲಕ್ಷ್ಮಣಸಿಂಹನೊಡನೆ ಕೂಡಿ ‘ಲೋಕಮಿತ್ರ’ ಎಂಬ ದೇಶಭಾಷಾ ಪತ್ರಿಕೆಯನ್ನು ಹೊರಡಿಸಿದನು. ಕೂಡಿಸಿಟ್ಟುದು ಹಾಳಾಗುವುದು, ಪತ್ರಿಕೆಯನ್ನು ಹೊರಡಿಸುವುದು ಎಂಬ ಎರಡು ಸಂಗತಿಗಳು ಅವನ ಬಾಳಿನಲ್ಲಿ ಇಲ್ಲಿಂದಲೇ ಜೊತೆಜೊತೆಯಾಗಿ ನಡೆದಂತಿದೆ.

೧೮೬೭ರಲ್ಲಿ ಅವನು ಒಳನಾಡಿನ ಸುಂಕದ ಕಮಿಷನರಾದನು. ಉಪ್ಪಿನ ಸುಂಕವನ್ನು ತಪ್ಪಿಸಿಕೊಳ್ಳದಂತೆ ಉತ್ತರ ಹಿಂದೂಸ್ಥಾನದ ಅಡ್ಡಲಾಗಿ ಮುಳ್ಳುಬೇಲಿ ಮೊದಲಾದವುಗಳಿಂದ ಹಾಕಿದ್ದ ಕಾವಲು ರೇಖೆಯು ೧೮೬೯ರಲ್ಲಿ ೨,೩೦೦ ಮೈಲಿ ಉದ್ದವಿತ್ತು. ಅದನ್ನು ಕಾಯಲು ಸುಮಾರು ೧೨,೦೦೦ ಜನರಿದ್ದರು. ಪ್ರಜೆಗಳಿಗೆ ಕಂಟಕವಾಗಿದ್ದ ಈ ಬೇಲಿಯು ೧೮೭೯ರಲ್ಲಿ ರದ್ದಾಯಿತು. ಅದಕ್ಕೆ ದಾರಿಮಾಡಿದ ಏರ್ಪಾಡುಗಳಲ್ಲಿ ಹ್ಯೂಮನ ಪಾತ್ರವಿತ್ತು. ಆದರೆ ಪಕ್ಷಿಶಾಸ್ತ್ರಕ್ಕೆ ಆ ಅಧಿಕಾರವು ಬೇರೊಂದು ವಿಧದಲ್ಲಿ ಒದಗಿತು. ವರ್ಷಕ್ಕೆ ಸಾವಿರಾರು ಮೈಲಿಗಳ ಸಂಚಾರವೂ, ದೂರದೂರದ ಠಾಣ್ಯಗಳಲ್ಲಿದ್ದ ಅಧಿಕಾರಿಗಳ ಪರಿಚಯವೂ ಅವನಿಗೆ ದೊರೆತವು. ಸಾಂಭಾರ ಸರೋವರದ ಉಪ್ಪಿನ ಇಲಾಖೆಯಲ್ಲಿದ್ದ ಆಡಮ್ ಎಂಬವನು ಆ ಸರೋವರದ ಹಕ್ಕಿಗಳನ್ನು ಕುರಿತು ಬರೆದ ಟಿಪ್ಪಣಿಗಳು ಇಂಥ ಪರಿಚಯದ ಫಲ. ೧೮೭೧ರಲ್ಲಿ ಹ್ಯೂಮನು ಕಂದಾಯ, ವ್ಯವಸಾಯ, ವಾಣಿಜ್ಯಗಳ ಹೊಸ ಇಲಾಖೆಗೆ ಕಾರ್ಯದರ್ಶಿಯಾದನು. ಮೇಲಿನವರಿಗೆ ಹಿತವಾಗದ ಮಾತನ್ನು ಆಡಿಯೇ ತೀರುವ ಸ್ವಭಾವದಿಂದ ೧೮೭೯ರಲ್ಲಿ ಆ ಪದವಿಯಿಂದ ಇಳಿಸಲ್ಪಟ್ಟನು, ೧೮೮೨ರಲ್ಲಿ ನಿವೃತ್ತನಾದನು.

ಇನ್ನು ಅವನು ಕೈಹಾಕಿದ ಶಾಸ್ತ್ರದ ಅಂದಿನ ಸ್ಥಿತಿ. ಎಡ್ವರ್ಡ್ ಬ್ಲೈತನು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹದಲ್ಲಿ ೧೮೪೧ರಿಂದ ಇಪ್ಪತ್ತು ವರ್ಷ ದುಡಿದು ಹಕ್ಕಿಗಳ ಪಟ್ಟಿಗಳನ್ನು ಸಿದ್ಧಗೊಳಿಸಿದ್ದನು. ಮದರಾಸು ಸೇನೆಯ ವೈದ್ಯನಾದ ಜೆರ್ಡನ್ನನು ೧೮೬೨ರಿಂದ ೧೮೬೪ರವರೆಗೆ ‘ಭಾರತದ ಹಕ್ಕಿಗಳು’ ಎಂಬ ಗ್ರಂಥವನ್ನು ಪ್ರಕಟಿಸಿ, ೧,೦೦೮ ಜಾತಿಗಳಿಗೆ ಕ್ರಮಸಂಖ್ಯೆಯನ್ನು ಕೊಟ್ಟು ವರ್ಣಿಸಿದ್ದನು. ಕಾಡಿನಲ್ಲಿ ಹಕ್ಕಿಯನ್ನು ಕಂಡ ಅಧಿಕಾರಿಯೊಬ್ಬನು ಅದು ಯಾವುದೆಂದು ನಿಶ್ಚಯಿಸಲು ಮೊದಲ ಬಾರಿಗೆ ಒಂದು ಕೈಪುಸ್ತಕ ದೊರೆತಂತಾಯಿತು. ಆ ಪುಸ್ತಕದ ಉಪಕಾರವನ್ನು ಹ್ಯೂಮನು ಎಂದೂ ಮರೆಯಲಿಲ್ಲ. ಜೆರ್ಡನ್ನನ ಸಂಖ್ಯೆಗಳನ್ನೇ ಹಿಡಿದು ಬರೆದನು. ಆದರೆ ಒಬ್ಬನ ಕಣ್ಣು ಹಿಮಾಲಯದಿಂದ ಕುಮಾರಿಯವರೆಗೆ ಎಲ್ಲವನ್ನೂ ಕಾಣುವುದು ಅಸಾಧ್ಯವೆಂಬುದನ್ನೂ ಅವನು ಬೇಗನೆ ತಿಳಿದುಕೊಂಡನು.

ಸಂಸ್ಕೃತ ಶಾಸ್ತ್ರಗಳಲ್ಲಿ ವಾರ್ತಿಕವೆಂಬ ಒಂದು ಪ್ರಕಾರವುಂಟು. ಮೂಲದಲ್ಲಿ ಹೇಳಿದುದು, ಹೇಳದೆ ಬಿಟ್ಟುದು, ತಪ್ಪಾಗಿ ಹೇಳಿದುದು ಎಂಬ ಮೂರನ್ನೂ ವಿಚಾರಿಸುವುದು ಅದರ ಲಕ್ಷಣ. ಪಾಣಿನಿಯನ್ನು ಕಾತ್ಯಾಯನನು ತಿದ್ದಿದುದರಿಂದ ಪಾಣಿನಿಯ ಗೌರವ ಕುಗ್ಗಲಿಲ್ಲ; ವ್ಯಾಕರಣವು ಬೆಳೆಯಿತು. ಹ್ಯೂಮನ ಬರಹಗಳೆಲ್ಲವೂ ಜೆರ್ಡನ್ನನ ಗ್ರಂಥಕ್ಕೆ ವಾರ್ತಿಕರೂಪವೆಂದು ತಿಳಿದರೆ ಅವುಗಳ ಸ್ವರೂಪವು ಸ್ಪಷ್ಟವಾಗುತ್ತದೆ. ಅವುಗಳ ಹೆಸರುಗಳನ್ನೇ ನೋಡಬಹುದು. ೧೮೬೯ರ ಮೊದಲ ಪುಸ್ತಕದ ಹೆಸರು ‘ಮೈ ಸ್ಕ್ರ್ಯಾಪ್ ಬುಕ್’, ಎಂದರೆ ಚಿಂದಿ ಟಿಪ್ಪಣಿಗಳ ಪುಸ್ತಕ. ೧೮೭೩ರಲ್ಲಿ ಹೊರಬರಲಾರಂಭಿಸಿದ ‘ಭಾರತದ ಹಕ್ಕಿಗಳ ಗೂಡುಗಳೂ ಮೊಟ್ಟೆಗಳೂ’ ಎಂಬ ದೊಡ್ಡ ಗ್ರಂಥಕ್ಕೆ ಅವನು ಸೇರಿಸಿದ ವಿಶೇಷಣವು ‘ಕಚ್ಚಾ ಕರಡು’ ಎಂದು. ೧೮೭೨ರಲ್ಲಿ ಆರಂಭವಾದ ಪತ್ರಿಕೆಯ ಹೆಸರು ‘ಸ್ಟ್ರೇ ಫೆದರ್ಸ್’, ಎಂದರೆ ಅಲ್ಲಲ್ಲಿ ಉದುರಿ ಬಿದ್ದ ಗರಿಗಳು. ಜೆರ್ಡನ್ನನು ತೀರಿಕೊಂಡ ವರ್ಷವೂ ಅದೇ. ಇವು ವಿನಯದ ಮಾತುಗಳು ಮಾತ್ರವಲ್ಲ. ಅಪೂರ್ಣವಾದುದನ್ನು ಅಪೂರ್ಣವೆಂದೇ ಹೇಳಿ ಮುಂದಿಟ್ಟರೆ ಓದಿದವನು ಅದನ್ನು ತುಂಬಲು ಮುಂದೆ ಬರುತ್ತಾನೆಂಬ ಒಂದು ನಿಶ್ಚಿತವಾದ ಕ್ರಮ ಅವುಗಳ ಹಿಂದೆ ಇದೆ.

‘ಸ್ಟ್ರೇ ಫೆದರ್ಸ್’ ಪತ್ರಿಕೆಯೇ ಅವನ ಮುಖ್ಯ ಕೃತಿ. ೧೮೮೮ರವರೆಗೆ ಅದರ ಹನ್ನೊಂದು ಸಂಪುಟಗಳು ಹೊರಟವು. ಅನಂತರ ಅಕಾರಾದಿ ಸೂಚಿಯೊಂದು ಸೇರಿತು. ಅದರಲ್ಲಿ ಬರೆದವರು ಪಂಡಿತರೆಂದು ಹೆಸರಾದವರಲ್ಲ. ರೈಲ್ವೆಯ ಇಂಜಿನಿಯರು, ದಂಡಿನ ಕ್ಯಾಪ್ಟನ್, ಭೂಗರ್ಭಶಾಸ್ತ್ರದ ಇಲಾಖೆಯವನು, ತೋಟದ ದೊರೆ, ಜಿಲ್ಲೆಯ ಕಲೆಕ್ಟರು, ಇಂಥವರು ತಮ್ಮ ಊರಿನ ಸುತ್ತ ಕಂಡುದನ್ನು ಬರೆದು ಕಳುಹಿಸಿದರು. ಹ್ಯೂಮನು ಅದನ್ನು ಓದಿ, ಸಂದೇಹವಿದ್ದಲ್ಲಿ ಹಕ್ಕಿಯ ಚರ್ಮವನ್ನೇ ತರಿಸಿಕೊಂಡು ಅಳೆದು, ಅಡಿಯಲ್ಲಿ ತನ್ನ ಟಿಪ್ಪಣಿಯನ್ನು ಸೇರಿಸಿ ಅಚ್ಚುಹಾಕಿಸಿದನು. ಈ ಕೆಲಸಕ್ಕೆ ಬೇಕಾದ ಶಿಕ್ಷಣವನ್ನು ಕೊಡಲು ೧೮೭೪ರಲ್ಲಿ ಸಂಗ್ರಾಹಕರಿಗಾಗಿ ಒಂದು ಕೈಪಿಡಿಯನ್ನೂ ಬರೆದನು. ಅವನ ಸಹಾಯಕನಾದ ಡೇವಿಸನ್ನನು ತೆನಾಸೆರಿಮ್ ಕಾಡುಗಳಲ್ಲಿ ವರ್ಷಗಟ್ಟಲೆ ಅಲೆದು ಕೂಡಿಸಿದ ಸಾಮಗ್ರಿಯಿಂದ ಇಬ್ಬರೂ ಸೇರಿ ೧೮೭೮ರಲ್ಲಿ ಬರೆದ ಪ್ರಬಂಧವು ಒಂದು ಸಂಪುಟವನ್ನೇ ತುಂಬುವಷ್ಟು ದೊಡ್ಡದು. ಕನ್ನಡ ನಾಡಿಗೂ ಈ ಪತ್ರಿಕೆಯ ಋಣವುಂಟು. ನೀಲಗಿರಿ, ವೈನಾಡು, ದಕ್ಷಿಣ ಮೈಸೂರು ಪ್ರಾಂತಗಳಲ್ಲಿ ದೊರೆತ ಹಕ್ಕಿಗಳನ್ನು ಕುರಿತು ಡೇವಿಸನ್ನನು ಬರೆದ ದೀರ್ಘವಾದ ಲೇಖನವೂ, ಮೈಸೂರಿನ ಮಂಜರಾಬಾದಿನ ಹಕ್ಕಿಗಳನ್ನು ಕುರಿತು ಟೇಲರನು ಸಿದ್ಧಪಡಿಸಿದ ಪಟ್ಟಿಯೂ ಅದರ ಹತ್ತನೆಯ ಸಂಪುಟದಲ್ಲಿ ಬಂದವು. ಸಕಲೇಶಪುರದ ಕಾಡುಗಳಲ್ಲಿ ನೂರಮೂವತ್ತು ವರ್ಷಗಳಿಗೂ ಹಿಂದೆ ಯಾವ ಹಕ್ಕಿ ಇತ್ತೆಂದು ಇಂದು ಕೇಳುವವನು ಆ ಪಟ್ಟಿಯನ್ನು ನೋಡಬೇಕಾಗುತ್ತದೆ.

‘ಗೂಡುಗಳೂ ಮೊಟ್ಟೆಗಳೂ’ ಗ್ರಂಥದಲ್ಲಿ ಅವನ ಪದ್ಧತಿಯ ಗುಣವೂ ದೋಷವೂ ಒಂದೆಡೆಯಲ್ಲೇ ಕಾಣುತ್ತವೆ. ಒಂದು ಹಕ್ಕಿಯ ಹೆಸರನ್ನು ಹೇಳಿ, ಅದರ ಕೆಳಗೆ ಬೇರೆಬೇರೆ ಊರಿನವರು ಬರೆದುದನ್ನು ಅವರವರ ಹೆಸರು, ಸ್ಥಳ, ತಿಂಗಳುಗಳೊಡನೆ ಅವರ ಮಾತಿನಲ್ಲಿಯೇ ಕೊಡುತ್ತಾನೆ. ಒಬ್ಬನು ಹೇಳಿದುದಕ್ಕೂ ಮತ್ತೊಬ್ಬನು ಹೇಳಿದುದಕ್ಕೂ ವಿರೋಧ ಬಂದರೆ ಎರಡನ್ನೂ ಉಳಿಸುತ್ತಾನೆ. ಪ್ರತ್ಯಕ್ಷವಾಗಿ ಕಂಡವನ ಸಾಕ್ಷ್ಯವನ್ನು ತನ್ನ ಮಾತಿನಲ್ಲಿ ಕರಗಿಸಿಬಿಡಬಾರದೆಂಬ ಈ ನಿಯಮದಿಂದ ಗ್ರಂಥಕ್ಕೆ ಪ್ರಾಮಾಣ್ಯ ಬಂದಿದೆ. ಯಾರು ಕಂಡರು, ಎಲ್ಲಿ ಕಂಡರು, ಎಂದು ಕಂಡರು ಎಂಬ ಮೂರು ಪ್ರಶ್ನೆಗಳಿಗೂ ಓದುವವನಿಗೆ ಉತ್ತರ ಸಿಗುತ್ತದೆ. ಆದರೆ ಅದೇ ಕಾರಣದಿಂದ ಪುನರುಕ್ತಿಯೂ ಬಹಳ. ಸಾಮಾನ್ಯವಾದ ಹಕ್ಕಿಯ ಗೂಡಿನ ವರ್ಣನೆ ಐದಾರು ಸಲ ಬಂದು ಓದುವವನಿಗೆ ಬೇಸರ ತರುತ್ತದೆ. ನಿರ್ಣಯವನ್ನು ಕೇಳುವವನ ಮುಂದೆ ಸಾಕ್ಷಿಗಳ ಹೇಳಿಕೆಗಳನ್ನು ರಾಶಿ ಹಾಕಿದಂತಾಗುತ್ತದೆ. ಸಂಗ್ರಹಿಸಿ ಹೇಳುವ ಕಲೆಯಲ್ಲಿ ಜೆರ್ಡನ್ನನು ಇವನಿಗಿಂತ ಮೇಲೆಂದು ಒಪ್ಪಲೇಬೇಕು.

ಬರವಣಿಗೆಯ ಸೊಗಸನ್ನು ಹುಡುಕುವವರು ‘ಭಾರತ, ಬರ್ಮಾ, ಸಿಂಹಳಗಳ ಬೇಟೆಯ ಹಕ್ಕಿಗಳು’ ಎಂಬ ಮೂರು ಸಂಪುಟಗಳನ್ನು ನೋಡಬೇಕು. ಇದನ್ನು ಹ್ಯೂಮನು ಮಾರ್ಷಲ್ ಎಂಬ ಮಿತ್ರನೊಡನೆ ೧೮೭೯ರಿಂದ ೧೮೮೧ರವರೆಗೆ ಪ್ರಕಟಿಸಿದನು. ನವಿಲು, ಕೌಜುಗ, ಲಾವಕ್ಕಿ, ಬಾತುಗಳ ಇರವನ್ನು ಹೇಳುವಾಗ ಅವನ ವಾಕ್ಯಗಳು ಶಾಸ್ತ್ರದ ಬಿಗಿಯನ್ನು ಸಡಿಲಿಸಿ ನಡೆಯುತ್ತವೆ. ಜಲಾಶಯದ ಮೇಲಿನ ಮುಂಜಾವು, ದೋಣಿಯ ಸದ್ದು, ಹಾರಿದ ಹಿಂಡಿನ ರೆಕ್ಕೆಯ ಬಡಿತ ಕಿವಿಗೆ ಬೀಳುವಂತೆ ಬರೆಯಬಲ್ಲನು. ಇದರ ವರ್ಣಚಿತ್ರಗಳು ಮಾತ್ರ ಅವನ ಮನಸ್ಸಿಗೆ ಬರಲಿಲ್ಲ. ಬಣ್ಣವು ಸರಿಯಿಲ್ಲ, ಆಕಾರವು ಸರಿಯಿಲ್ಲವೆಂದು ತನ್ನ ಪುಸ್ತಕದ ಚಿತ್ರಗಳನ್ನು ತಾನೇ ಆ ಪುಸ್ತಕದೊಳಗೆ ಆಕ್ಷೇಪಿಸಿದ್ದಾನೆ. ಹಣ ಕೊಟ್ಟು ಕೊಂಡ ಓದುಗನಿಗೆ ಸತ್ಯವನ್ನು ಮುಚ್ಚಿಡಬಾರದೆಂಬ ಈ ನಿಷ್ಠುರತೆ ಗ್ರಂಥಕರ್ತರಲ್ಲಿ ಅಪರೂಪ.

ಆದರೆ ಅದೇ ನಿಷ್ಠುರತೆಯು ಪರರ ಕಡೆಗೆ ತಿರುಗಿದಾಗ ಯಾವಾಗಲೂ ಗುಣವಾಗಿ ಉಳಿಯುವುದಿಲ್ಲ. ನ್ಯಾಯಶಾಸ್ತ್ರವು ಚರ್ಚೆಯನ್ನು ಮೂರು ವಿಧವಾಗಿ ವಿಂಗಡಿಸುತ್ತದೆ. ತತ್ತ್ವವನ್ನು ತಿಳಿಯಬೇಕೆಂದು ನಡೆಸುವುದು ವಾದ. ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಕೆಡವುವುದು ವಿತಂಡಾ. ಹ್ಯೂಮನ ಪತ್ರಿಕೆಯಲ್ಲಿ ಮೊದಲ ಎರಡೂ ಧಾರಾಳವಾಗಿವೆ. ಅವನು ಆತುರದಿಂದ ಹೊಸ ಜಾತಿಗಳನ್ನು ಹೆಸರಿಸುತ್ತಾನೆಂದು ಲಂಡನ್ನಿನಲ್ಲಿ ವೈಕೌಂಟ್ ವಾಲ್ಡನನು ಆಕ್ಷೇಪಿಸಿದನು. ಹಕ್ಕಿಯನ್ನು ಜೀವಸಹಿತ ನೋಡದೆ ಪೆಟ್ಟಿಗೆಯೊಳಗಿನ ಚರ್ಮದಿಂದ ತೀರ್ಪು ಕೊಡುವವರನ್ನು ಹ್ಯೂಮನು ತೀಕ್ಷ್ಣವಾಗಿ ಹಾಸ್ಯಮಾಡಿದನು. ಎರಡು ಪಕ್ಷದಲ್ಲಿಯೂ ಸತ್ಯಾಂಶವಿತ್ತು. ಅವನು ಹೊಸದೆಂದು ಹೆಸರಿಟ್ಟವುಗಳಲ್ಲಿ ಹಲವು ಮುಂದೆ ನಿಲ್ಲಲಿಲ್ಲ. ಆದರೂ ಅವನಲ್ಲಿ ವಿತಂಡಾವಾದಿಯ ಹಟವಿರಲಿಲ್ಲವೆಂಬುದಕ್ಕೆ ಒಂದು ಉದಾಹರಣೆ ಸಾಕು. ೧೮೬೭ರಲ್ಲಿ ಸಟ್ಲೆಜ್ ನದಿಯ ಕಣಿವೆಯಲ್ಲಿ ರಾಮಪುರದ ಬಳಿ ದೊರೆತ ಒಂದು ಸಣ್ಣ ಹಕ್ಕಿಗೆ ಅವನು ೧೮೬೯ರಲ್ಲಿ ಹೆಸರಿಟ್ಟು ಎಲೆಗಳ ನಡುವೆ ಬಾಳುವ ಉಲಿಯಕ್ಕಿಗಳ ಕುಲದಲ್ಲಿ ಸೇರಿಸಿದ್ದನು. ೧೮೭೧ರಲ್ಲಿ ತಾನೇ ಅದನ್ನು ತಿದ್ದಿ ಜೊಂಡಿನ ಉಲಿಯಕ್ಕಿಗಳ ಕುಲಕ್ಕೆ ವರ್ಗಾಯಿಸಿದನು. ಈ ಹಕ್ಕಿಯ ಕಥೆ ಮುಂದೆ ಮತ್ತೆ ಬರುವುದು.

ಸಿಮ್ಲಾದ ಜಾಕೋ ಬೆಟ್ಟದ ಮೇಲೆ ರೋತ್ನಿ ಕಾಸಲ್ ಎಂಬ ಮನೆಯಲ್ಲಿ ಹ್ಯೂಮನ ವಸ್ತುಸಂಗ್ರಹವಿತ್ತು. ಸಿಂಧ, ಅಂಡಮಾನ್ ನಿಕೋಬಾರ್, ಲಕ್ಷದ್ವೀಪ, ಪಶ್ಚಿಮ ಕರಾವಳಿ, ಕೊನೆಗೆ ೧೮೮೧ರಲ್ಲಿ ಮಣಿಪುರ, ಹೀಗೆ ಅವನ ಯಾತ್ರೆಗಳಲ್ಲಿ ದೊರೆತುದೆಲ್ಲ ಅಲ್ಲಿ ಸೇರಿತು. ಮಣಿಪುರದಲ್ಲಿ ಒಂದು ಜಾತಿಯ ಪೊದೆಲಾವಕ್ಕಿಯನ್ನು ಪಡೆಯಲು ಆನೆಹುಲ್ಲಿನ ದೊಡ್ಡ ಬಯಲನ್ನೇ ದಿನಗಟ್ಟಲೆ ಕತ್ತರಿಸಿಸಿದನು. ಮಹಾಗ್ರಂಥದ ಸಾಮಗ್ರಿಯಾದ ಹಸ್ತಪ್ರತಿಗಳು ಆ ಮನೆಯಲ್ಲಿಯೇ ಇದ್ದವು. ಸುಮಾರು ಇಪ್ಪತ್ತೈದು ವರ್ಷಗಳ ದಿನಚರಿ, ಅಳತೆ, ಪತ್ರಗಳ ಸಾರ ಎಲ್ಲವೂ ಅದರಲ್ಲಿತ್ತು. ೧೮೮೦ರ ದಶಕದ ಮೊದಲ ಭಾಗದಲ್ಲಿ ಅವನು ಊರಲ್ಲಿಲ್ಲದಾಗ ಒಬ್ಬ ಸೇವಕನು ಹಲವು ಮಣ ತೂಕದ ಆ ಕಾಗದಗಳನ್ನು ಕದ್ದು ಬಜಾರಿನಲ್ಲಿ ರದ್ದಿಯಾಗಿ ಮಾರಿಬಿಟ್ಟನು. ಅವು ದಿನಸಿ ಕಟ್ಟುವ ಕಾಗದಗಳಾಗಿ ಹೋದವು. ತಾಳೆಗರಿಗಳನ್ನು ಒಲೆಗೆ ಹಾಕಿದ, ಹೊಳೆಗೆ ಬಿಟ್ಟ ಕಥೆಗಳನ್ನು ಕೇಳಿ ಬೆಳೆದ ಮನೆತನದವರಿಗೆ ಈ ನಷ್ಟದ ಅರ್ಥವನ್ನು ವಿವರಿಸಬೇಕಾಗಿಲ್ಲ. ಹ್ಯೂಮನು ಆ ಬಳಿಕ ಮಹಾಗ್ರಂಥದ ಯೋಚನೆಯನ್ನೇ ಬಿಟ್ಟನು.

ಹಸ್ತಪ್ರತಿ ಹೋದಂತೆ ಸಂಗ್ರಹವೂ ಹೋಗುವ ಭಯವಿತ್ತು. ಮಳೆಯಿಂದ ಬೆಟ್ಟದ ಮಣ್ಣು ಕುಸಿದು ಕಟ್ಟಡಕ್ಕೆ ಹಾನಿಯಾಗಿತ್ತು; ಹುಳು ಹಿಡಿದು ಸುಮಾರು ಇಪ್ಪತ್ತು ಸಾವಿರ ಮಾದರಿಗಳು ನಾಶವಾಗಿದ್ದವು. ಬ್ರಿಟಿಷ್ ಮ್ಯೂಸಿಯಮ್ಮಿಗೆ ಎಲ್ಲವನ್ನೂ ಉಚಿತವಾಗಿ ಕೊಡುವುದಾಗಿ ಹ್ಯೂಮನು ಬರೆದನು. ೧೮೮೫ರ ಮೇ ತಿಂಗಳಿನಲ್ಲಿ ಅಲ್ಲಿಯ ಪಕ್ಷಿಶಾಸ್ತ್ರಜ್ಞನಾದ ಬೌಡ್ಲರ್ ಶಾರ್ಪನು ಸಿಮ್ಲಾಕ್ಕೆ ಬಂದು, ದೇವದಾರುವಿನ ೪೭ ಪೆಟ್ಟಿಗೆಗಳಲ್ಲಿ ಆ ಸಂಗ್ರಹವನ್ನು ತುಂಬಿಸಿ ಕೊಂಡೊಯ್ದನು. ಹತ್ತಿ ತುಂಬಿದ ಹಕ್ಕಿಯ ಚರ್ಮಗಳೇ ೬೩,೦೦೦ದಷ್ಟು ಇದ್ದವು. ಉಳಿದುದರಲ್ಲಿ ಬಹುಭಾಗ ಮೊಟ್ಟೆಗಳು. ಹಕ್ಕಿಗಳ ವಿಷಯದಲ್ಲಿ ಒಬ್ಬ ಖಾಸಗಿ ವ್ಯಕ್ತಿಯಿಂದ ಅಂಥ ದಾನವನ್ನು ಆ ಸಂಸ್ಥೆಯು ಅದುವರೆಗೆ ಪಡೆದಿರಲಿಲ್ಲ.

ಇಲ್ಲಿ ವಿಮರ್ಶಕನು ಒಂದು ಕಠಿಣವಾದ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಅರವತ್ತಮೂರು ಸಾವಿರವೆಂಬುದು ಕೊಲ್ಲಲ್ಪಟ್ಟ ಪ್ರಾಣಿಗಳ ಸಂಖ್ಯೆ. ಒಂದು ಕ್ರೌಂಚದ ವಧೆಯನ್ನು ಕಂಡು ಹುಟ್ಟಿದ ಶೋಕವು ಆದಿಕಾವ್ಯಕ್ಕೆ ಕಾರಣವಾಯಿತೆಂದು ನಂಬುವ ನಾಡಿನಲ್ಲಿ, ಇಂಥ ರಾಶಿಯನ್ನು ಜ್ಞಾನವೆಂದು ಕರೆಯುವುದು ಸುಲಭವಲ್ಲ. ಶಾಸ್ತ್ರದ ಪಕ್ಷದಿಂದ ಹೇಳುವ ಸಮಾಧಾನವೂ ಪೊಳ್ಳಲ್ಲ. ಹಾರುವ ಹಕ್ಕಿಯನ್ನು ದೂರದಿಂದ ನಿಶ್ಚಯವಾಗಿ ಗುರುತಿಸುವ ಸಾಧನಗಳು ಆಗ ಒದಗಿರಲಿಲ್ಲ. ವಯಸ್ಸು, ಲಿಂಗ, ಋತುಗಳಿಂದ ಬಣ್ಣ ಬದಲಾಗುವ ಜಾತಿಗಳನ್ನು ಬಿಡಿಸಿ ತಿಳಿಯಲು ಹಲವು ಮಾದರಿಗಳು ಬೇಕಾಗಿದ್ದವು. ಆದರೂ ಈ ಪ್ರಶ್ನೆಗೆ ಹ್ಯೂಮನ ಜೀವಿತವೇ ಕೊಟ್ಟ ಉತ್ತರ ಗಮನಾರ್ಹ. ೧೮೮೦ರ ಸುಮಾರಿಗೆ ಥಿಯಾಸಫಿಯ ಸಂಪರ್ಕಕ್ಕೆ ಬಂದ ಅವನು ಆ ಸಂಸ್ಥೆಯನ್ನು ಬಹುಬೇಗ ಬಿಟ್ಟರೂ, ಬೇಟೆಯನ್ನೂ ಮಾಂಸವನ್ನೂ ವರ್ಜಿಸಿದನು. ವೃದ್ಧಾಪ್ಯದಲ್ಲಿ ಇಂಗ್ಲೆಂಡಿಗೆ ಮರಳಿ ಗಿಡಗಳ ಅಭ್ಯಾಸಕ್ಕೆ ತೊಡಗಿ, ೧೯೧೦ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸಸ್ಯಶಾಸ್ತ್ರದ ಸಂಸ್ಥೆಯೊಂದನ್ನು ಸ್ಥಾಪಿಸಿ, ೧೯೧೨ರಲ್ಲಿ ತೀರಿಕೊಂಡನು.

ಇನ್ನೊಂದು ದೋಷವನ್ನು ಹೇಳಿದವರು ಕಡಮೆ. ಸಾಕ್ಷಿಯ ಹೆಸರನ್ನು ಅಷ್ಟು ನಿಷ್ಠೆಯಿಂದ ಬರೆದ ಹ್ಯೂಮನು, ಸಾಹೇಬರ ಹೆಸರುಗಳನ್ನು ಬರೆದಷ್ಟು ನಿಷ್ಠೆಯಿಂದ ನಾಡಿನವರ ಹೆಸರುಗಳನ್ನು ಬರೆಯಲಿಲ್ಲ. ಬಲೆ ಹಾಕಿದ ಬೇಡರು, ಗೂಡನ್ನು ತೋರಿಸಿದ ದನಗಾಹಿ ಹುಡುಗರು, ರಾತ್ರಿ ದೀಪದ ಬೆಳಕಿನಲ್ಲಿ ಚರ್ಮ ಸುಲಿದು ಹತ್ತಿ ತುಂಬಿದ ಆಳುಗಳು ಬಹುಪಾಲು ಹೆಸರಿಲ್ಲದೆ ಉಳಿದರು. ದೇಶಭಾಷೆಗಳಲ್ಲಿ ಹಕ್ಕಿಗಳಿಗೆ ಇರುವ ಹೆಸರುಗಳನ್ನು ಅವನು ಸಂಗ್ರಹಿಸಿದನು. ಹೆಸರು ಹೇಳಿದವರನ್ನು ಸಂಗ್ರಹಿಸಲಿಲ್ಲ. ಯಾರು ಕಂಡರೆಂಬ ಪ್ರಶ್ನೆಯನ್ನು ಶಾಸ್ತ್ರದ ಮೊದಲ ಪ್ರಶ್ನೆಯಾಗಿ ಮಾಡಿದವನಲ್ಲಿ ಈ ಲೋಪವು ಸಣ್ಣದಲ್ಲ. ಕಾಲಧರ್ಮವೆಂದು ಅದನ್ನು ವಿವರಿಸಬಹುದು. ಮನ್ನಿಸುವುದು ಬೇರೆ ಮಾತು.

ಒಂದು ಶಾಸ್ತ್ರಕೃತಿಯ ಬಲವನ್ನು ಕಾಲವೇ ಪರೀಕ್ಷಿಸಬೇಕು. ಹ್ಯೂಮನ ಚೂರುಗಳಿಗೆ ಆದ ಎರಡು ಪರೀಕ್ಷೆಗಳನ್ನು ಹೇಳಬಹುದು. ೧೮೭೨ರಲ್ಲಿ ಬ್ಲೂವಿಟ್ ಎಂಬವನು ಮಧ್ಯಭಾರತದ ಪೂರ್ವ ಭಾಗದಲ್ಲಿ ಒಂದು ಚಿಕ್ಕ ಕಾಡುಗೂಬೆಯನ್ನು ಹಿಡಿದನು. ಮರುವರ್ಷ ಹ್ಯೂಮನು ಅದಕ್ಕೆ ಬ್ಲೂವಿಟನ ಹೆಸರನ್ನೇ ಇಟ್ಟು ವರ್ಣಿಸಿದನು. ಎಲ್ಲ ಸೇರಿ ಏಳೇ ಮಾದರಿಗಳು ದೊರೆತವು; ೧೮೮೪ರಲ್ಲಿ ಜೇಮ್ಸ್ ಡೇವಿಡ್ಸನ್ ಸಂಗ್ರಹಿಸಿದ ಮೇಲೆ ಆ ಗೂಬೆ ನಿಶ್ಚಯವಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಈ ಡೇವಿಡ್ಸನ್ನನೇ ಮುಂದೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದು ಅಲ್ಲಿಯ ಹಕ್ಕಿಗಳನ್ನು ಕುರಿತು ಬರೆದವನು. ೧೯೧೪ರಲ್ಲಿ ತನಗೆ ಆ ಗೂಬೆ ಸಿಕ್ಕಿತೆಂದು ಮೈನರ್ಟ್ಸ್‌ಹಾಗೆನ್ ಎಂಬ ಸೇನಾಧಿಕಾರಿಯು ಒಂದು ಚರ್ಮವನ್ನು ತೋರಿಸಿದ್ದನು. ಪಮೇಲಾ ರಾಸ್ಮುಸೆನ್ ಎಂಬ ವಿದುಷಿಯು ಅದನ್ನು ಪರೀಕ್ಷಿಸಿ, ಅದು ಮ್ಯೂಸಿಯಮ್ಮಿನಿಂದ ಕದ್ದು ಹೊಸದಾಗಿ ತುಂಬಿ ಚೀಟಿ ಬದಲಾಯಿಸಿದ ಡೇವಿಡ್ಸನ್ನನ ಹಕ್ಕಿಯೇ ಎಂದು ಕಂಡುಹಿಡಿದಳು. ಸುಳ್ಳು ಚೀಟಿಯನ್ನು ಬದಿಗಿಟ್ಟು, ನಿಜವಾದ ಹಳೆಯ ಚೀಟಿಗಳಲ್ಲಿದ್ದ ಸ್ಥಳಗಳನ್ನು ಅನುಸರಿಸಿ ಹೊರಟ ಅವಳಿಗೂ ಅವಳ ಸಂಗಡಿಗರಿಗೂ ೧೯೯೭ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಊರಿನ ಬಳಿ ಆ ಗೂಬೆ ಜೀವಂತವಾಗಿ ಕಾಣಿಸಿತು. ನೂರಹದಿಮೂರು ವರ್ಷಗಳ ಮೇಲೆ ದಾರಿ ತೋರಿದುದು ಒಂದು ಸಾಲಿನ ಚೀಟಿ.

ಎರಡನೆಯದು ಸಟ್ಲೆಜ್ ಕಣಿವೆಯ ಆ ಸಣ್ಣ ಉಲಿಯಕ್ಕಿ. ಹ್ಯೂಮನು ತಾನೇ ತಿದ್ದಿ ಮತ್ತೊಂದು ಕುಲಕ್ಕೆ ಸೇರಿಸಿದ ಮೇಲೆ ಅಂಥ ಇನ್ನೊಂದು ಹಕ್ಕಿ ದೊರೆಯಲೇ ಇಲ್ಲ. ಬೇರೆ ಜಾತಿಯೇ ಅಲ್ಲವೆಂದು ಸಂದೇಹಪಟ್ಟವರು ಅನೇಕರು. ೨೦೦೨ರಲ್ಲಿ ಆ ಒಂದೇ ಚರ್ಮದಿಂದ ತೆಗೆದ ಡಿಎನ್‌ಎ ಅಂಶದ ಪರೀಕ್ಷೆಯು ಅದು ಪ್ರತ್ಯೇಕ ಜಾತಿಯೆಂದು ತೋರಿಸಿತು. ೨೦೦೬ರ ಮಾರ್ಚಿಯಲ್ಲಿ ಥಾಯ್ಲೆಂಡಿನಲ್ಲಿ ಬಲೆಗೆ ಸಿಕ್ಕಿದ ಒಂದು ಹಕ್ಕಿಯು ಅದೇ ಜಾತಿಯದೆಂದು ಖಚಿತವಾಯಿತು. ಅನಂತರ ಆಫ್ಘಾನಿಸ್ಥಾನದ ವಾಖಾನ್ ಪ್ರಾಂತದಲ್ಲಿ ಅದು ಮರಿಮಾಡುವುದೂ ತಿಳಿದುಬಂತು. ಹ್ಯೂಮನ ನಿರ್ಣಯವು ನೂರಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದೇ ಸಾಕ್ಷಿಯ ಮೇಲೆ ನಿಂತಿದ್ದು ಕೊನೆಗೆ ಸಿದ್ಧಾಂತವಾಯಿತು. ಆತುರಗಾರನೆಂಬ ಅಪವಾದಕ್ಕೆ ಇದು ಪೂರ್ಣ ಪರಿಹಾರವಲ್ಲ. ಆದರೆ ಅವನ ಕಣ್ಣು ಎಂಥದೆಂಬುದಕ್ಕೆ ಪ್ರಮಾಣ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಕದ್ದುಹೋದ ಮಹಾಗ್ರಂಥವು ಅಚ್ಚಾಗಿದ್ದರೆ ಹ್ಯೂಮನು ಇನ್ನೂ ದೊಡ್ಡವನಾಗುತ್ತಿದ್ದನೆ? ಕೀರ್ತಿಯಲ್ಲಿ ಆಗುತ್ತಿದ್ದಿರಬಹುದು. ಆದರೆ ಪಕ್ಷಿಶಾಸ್ತ್ರದಲ್ಲಿ ಮಹಾಗ್ರಂಥಗಳು ಒಂದರ ಸ್ಥಾನಕ್ಕೆ ಮತ್ತೊಂದು ಬರುತ್ತ ಹೋಗುತ್ತವೆ. ಜೆರ್ಡನ್ನನ ಸ್ಥಾನಕ್ಕೆ ಓಟ್ಸ್ ಮತ್ತು ಬ್ಲ್ಯಾನ್‌ಫರ್ಡರ ಗ್ರಂಥ ೧೮೮೯ರಿಂದ ಬಂತು. ಅದರ ಸ್ಥಾನಕ್ಕೆ ಬೇರೆ ಬಂತು. ಹ್ಯೂಮನ ಪತ್ರಿಕೆಯ ಸ್ಥಾನಕ್ಕೆ ಮಾತ್ರ ಬೇರೊಂದು ಬರುವುದು ಸಾಧ್ಯವಿಲ್ಲ. ಏಕೆಂದರೆ ಅದರಲ್ಲಿರುವುದು ಒಬ್ಬನ ಅಭಿಪ್ರಾಯವಲ್ಲ, ಮತ್ತೆ ಹುಟ್ಟಿಸಲಾಗದ ಒಂದು ಕಾಲದ ಸಾಕ್ಷ್ಯ. ಅವನು ಎಲ್ಲವನ್ನೂ ಮಹಾಗ್ರಂಥಕ್ಕೆಂದು ಕೂಡಿಟ್ಟು ಚೂರುಗಳನ್ನು ಅಚ್ಚುಹಾಕಿಸಲು ನಾಚಿದ್ದರೆ, ಸೇವಕನ ಒಂದು ಕಳವಿನಿಂದ ಆ ಇಪ್ಪತ್ತೈದು ವರ್ಷಗಳೂ ಇಲ್ಲವಾಗುತ್ತಿದ್ದವು. ಪೂರ್ಣವಾಗಲೆಂದು ಮನೆಯಲ್ಲಿ ಕಾದಿದ್ದುದು ನಾಶವಾಯಿತು; ಅಪೂರ್ಣವೆಂದು ಒಪ್ಪಿಕೊಂಡು ಹೊರಗೆ ಕೊಟ್ಟುದು ಉಳಿಯಿತು.

ಎಲ್ಲವನ್ನೂ ಕಳೆದುಕೊಂಡ ಮೇಲೂ ಹ್ಯೂಮನು ಆ ಕ್ರಮವನ್ನು ಬಿಡಲಿಲ್ಲವೆಂಬುದಕ್ಕೆ ೧೮೮೮ರ ಕೊನೆಯ ಸಂಪುಟವೇ ಸಾಕ್ಷಿ. ಹಸ್ತಪ್ರತಿಗಳು ಕೈಬಿಟ್ಟಿದ್ದವು, ಹಕ್ಕಿಗಳು ಲಂಡನ್ನಿಗೆ ಹೋಗಿದ್ದವು, ಅವನ ದಿನಗಳು ಕಾಂಗ್ರೆಸ್ಸಿನ ಕೆಲಸದಲ್ಲಿ ಕಳೆಯುತ್ತಿದ್ದವು. ಆದರೂ ಮಣಿಪುರದಲ್ಲಿ ಕಂಡುದನ್ನು ಕುರಿತು ಉಳಿದಿದ್ದ ಟಿಪ್ಪಣಿಗಳನ್ನು ಜೋಡಿಸಿ ಅಚ್ಚುಹಾಕಿಸಿ ಓದುಗರ ಋಣವನ್ನು ತೀರಿಸಿದನು. ಹ್ಯೂಮನ ಮಹಾಗ್ರಂಥ ಎಲ್ಲಿ ಎಂದು ಕೇಳುವವರಿಗೆ ಆ ಹನ್ನೊಂದು ಸಂಪುಟಗಳನ್ನು ತೋರಿಸಿದರೆ ಸಾಕು.